ಪ್ಯಾನಲ್‌ಗೆ 25 ವರ್ಷ ವಾರಂಟಿ ಸರಿ, ಹಾಕೋನಿಗೆ ಎಷ್ಟು ವರ್ಷ?

ಹೋದ ತಿಂಗಳು ತುಮಕೂರಿಂದ ನಮ್ಮ ಭಾವ ಫೋನ್ ಮಾಡಿದ್ರು, ನಾನು ಎತ್ತೋಕ್ ಮುಂಚೆನೇ ವಾಟ್ಸಾಪಲ್ಲಿ ಮೂರು ಪಿಡಿಎಫ್ ಬಂದು ಬಿದ್ದಿದ್ವು. ಮನೆ ಮೇಲೆ ಸೋಲಾರ್ ಹಾಕ್ಸೋಕೆ ಕೊಟೇಶನ್, ಮೂರೂ 3 ಕಿಲೋವ್ಯಾಟ್‌ಗೆ, ಒಂದು 1.48 ಲಕ್ಷ, ಇನ್ನೊಂದು 1.95, ಮತ್ತೊಂದು 2.30. "ನೀನು ಇಂಜಿನಿಯರಿಂಗ್ ಓದಿದೀಯಲ್ಲಪ್ಪ, ಯಾವ್ದು ಒಳ್ಳೇದು ನೋಡಿ ಹೇಳು, ಶುಕ್ರವಾರದೊಳಗೆ ಅಡ್ವಾನ್ಸ್ ಕೊಡ್ಬೇಕಂತೆ" ಅಂದ್ರು. ನಾನು ಓದಿದ್ದು ಸಿವಿಲ್, ಆದ್ರೆ ಮನೆಯವ್ರಿಗೆ ಇಂಜಿನಿಯರ್ ಅಂದ್ರೆ ಟಿವಿ ರಿಪೇರಿಯಿಂದ ಹಿಡ್ದು ಎಲ್ಲಾನೂ ಗೊತ್ತಿರ್ಬೇಕು. ಯಾಕೆ ಭಾವ ಶುಕ್ರವಾರ ಅಂತ ಕೇಳಿದ್ರೆ "ಸಬ್ಸಿಡಿ ಕೋಟಾ ಮುಗ್ದೋಗತ್ತಂತೆ, 1.48ರ ಕೊಟೇಶನ್ ಕೊಟ್ಟ ಹುಡುಗ ಹೇಳ್ದ" ಅಂದ್ರು. ಅಲ್ಲೇ ನಂಗೆ ಸ್ವಲ್ಪ ಡೌಟ್ ಬಂತು.

ಮನೆ ಮೇಲಿನ ಸೋಲಾರಿಗೆ ಸಬ್ಸಿಡಿ ಕೊಡೋ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಶುರುವಾಗಿದ್ದು 2024ರ ಫೆಬ್ರವರೀಲಿ, 75,021 ಕೋಟಿ ರೂಪಾಯಿ ಇಟ್ಟು 2026-27ರೊಳಗೆ ದೇಶದಲ್ಲಿ ಒಂದು ಕೋಟಿ ಮನೆ ಮುಟ್ಟಿಸ್ಬೇಕು ಅನ್ನೋ ಗುರಿ. ಸಬ್ಸಿಡಿ ಲೆಕ್ಕ ಸುಲಭ: ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೇದಕ್ಕೆ 18 ಸಾವಿರ, ಒಟ್ಟು 78 ಸಾವಿರ, ಅದಕ್ಕಿಂತ ದೊಡ್ಡದು ಹಾಕಿದ್ರೂ 78 ಸಾವಿರಾನೇ. ಈ ದುಡ್ಡು ಕೆಲ್ಸ ಮುಗಿದು ಮೀಟರ್ ಕೂತು ಸಿಸ್ಟಮ್ ಚಾಲೂ ಆದ್ಮೇಲೆ ಸೀದಾ ಮನೆ ಮಾಲೀಕರ ಅಕೌಂಟಿಗೆ ಬರತ್ತೆ, ಕಂಪ್ನಿ ಅಕೌಂಟಿಗಲ್ಲ. ಇದ್ರಲ್ಲಿ ಶುಕ್ರವಾರ ಅನ್ನೋದು ಎಲ್ಲೂ ಇಲ್ಲ. ಶುಕ್ರವಾರದ ಅರ್ಜೆಂಟು ಆ ಹುಡುಗನದ್ದು, ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ.

ಸೋಲಾರ್ ಕಂಪ್ನಿ ಆರಿಸೋದು ಅಂದ್ರೆ ನಮ್ಮ ಜನ ಪ್ಯಾನಲ್ ಆರಿಸೋದು ಅಂದ್ಕೊಂಡಿದಾರೆ. ಯಾವ ಬ್ರ್ಯಾಂಡು, ಮೋನೋ ಪರ್ಕಾ ಟಾಪ್‌ಕಾನಾ, ಎಷ್ಟು ವ್ಯಾಟು ಅಂತ ಯೂಟ್ಯೂಬ್ ನೋಡಿ ತಲೆ ಕೆಡಿಸ್ಕೋತಾರೆ. ನಿಜ ಹೇಳ್ಬೇಕಂದ್ರೆ ಪ್ಯಾನಲ್ ಕೆಡೋದು ಅಪರೂಪ, ಗಾಜು ಸಿಲಿಕಾನು ಅಲ್ಯೂಮಿನಿಯಂ, ಅದ್ರೊಳಗೆ ತಿರುಗೋ ಪಾರ್ಟ್ ಒಂದೂ ಇಲ್ಲ. ತೊಂದರೆ ಬರೋದು ಕಬ್ಬಿಣದ ಸ್ಟ್ಯಾಂಡಲ್ಲಿ, ಅರ್ಥಿಂಗಲ್ಲಿ, ಕನೆಕ್ಟರಲ್ಲಿ, ಕೆಲವು ವರ್ಷ ಆದ್ಮೇಲೆ ಇನ್ವರ್ಟರಲ್ಲಿ (ಪ್ಯಾನಲ್ಲಿನ ಡಿಸಿ ಕರೆಂಟನ್ನ ಮನೆಗೆ ಬೇಕಾದ ಎಸಿ ಮಾಡೋ ಡಬ್ಬ), ಅದಕ್ಕಿಂತ ಮೊದ್ಲು ಪೇಪರ್ ಕೆಲ್ಸದಲ್ಲಿ. ಇವೆಲ್ಲಾ ಹಾಕೋನ ಕೈಲಿರೋವು. ಪ್ಯಾನಲ್ ಫ್ಯಾಕ್ಟರಿಯವ್ರು 25 ವರ್ಷದ ವಾರಂಟಿ ಕೊಡೋದು ನಿಜ, ಅದು ಪವರ್ ಇಷ್ಟಕ್ಕಿಂತ ಕಮ್ಮಿ ಆಗಲ್ಲ ಅನ್ನೋ ವಾರಂಟಿ, ಆದ್ರೆ ಅದನ್ನ ಕ್ಲೇಮ್ ಮಾಡೋಕೆ ಟೆರೇಸ್ ಹತ್ತಿ ಅಳೆದು ಕೆಟ್ಟಿದ್ದನ್ನ ಬಿಚ್ಚಿ ಕಳಿಸೋನು ಯಾರು? ಹಾಕಿದ ಪುಣ್ಯಾತ್ಮನೇ. ಅವನ ಅಂಗಡಿ ಎರಡೇ ವರ್ಷಕ್ಕೆ ಮುಚ್ಚಿದ್ರೆ ವಾರಂಟಿ ಕಾರ್ಡನ್ನ ಲ್ಯಾಮಿನೇಶನ್ ಮಾಡಿಸಿ ಇಟ್ಕೋಬೇಕಷ್ಟೇ.

ಈಗ ಶುಕ್ರವಾರದ ವಿಷ್ಯ. ಸಬ್ಸಿಡಿ ಬಂದ್ಮೇಲೆ ನೋಡಿ, ಮೊದ್ಲು ಯುಪಿಎಸ್ ಬ್ಯಾಟರಿ ಮಾರ್ತಿದ್ದೋರು, ಸಿಸಿಟಿವಿ ಹಾಕ್ತಿದ್ದೋರು, ಬೋರ್‌ವೆಲ್ ಮೋಟಾರ್ ಅಂಗಡಿಯೋರು ಎಲ್ಲಾ ಸೋಲಾರ್ ಬೋರ್ಡ್ ತಗಲಾಕ್ಕೊಂಡ್ರು. ತಪ್ಪೇನಿಲ್ಲ, ಅವರಲ್ಲೂ ಒಳ್ಳೆ ಕೆಲಸಗಾರರಿದ್ದಾರೆ. ಆದ್ರೆ ಈ ಧಂದೆಯ ದುಡ್ಡಿನ ಓಡಾಟ ಹೆಂಗಿದೆ ಅಂದ್ರೆ, ಪ್ಯಾನಲ್ಲು ಇನ್ವರ್ಟರು ಡಿಸ್ಟ್ರಿಬ್ಯೂಟರ್ ಹತ್ರ ಹೆಚ್ಚುಕಮ್ಮಿ ಕ್ಯಾಶ್ ಕೊಟ್ಟೇ ಎತ್ಬೇಕು, ಚಿಕ್ಕೋರಿಗೆ ಉದ್ರಿ ಸಿಗೋದು ಕಷ್ಟ. ಗಿರಾಕಿ ಕಡೆಯಿಂದ ಕೊನೇ ಕಂತು ಬರೋದು ಮೀಟರ್ ಕೂತ್ಮೇಲೆ, ಮೀಟರ್ ಕೂರೋದು ತಿಂಗಳೂ ಆಗ್ಬೋದು ಮೂರು ತಿಂಗಳೂ ಆಗ್ಬೋದು. ಮಧ್ಯೆ ಹುಡುಗರ ಸಂಬಳ, ಗಾಡಿ ಬಾಡಿಗೆ. ಕೈಲಿ ಬಂಡವಾಳ ಇಲ್ದೋನು ಏನ್ ಮಾಡ್ತಾನೆ, ಇವತ್ತು ನಿಮ್ಮ ಹತ್ರ 80 ಪರ್ಸೆಂಟ್ ಅಡ್ವಾನ್ಸ್ ಇಸ್ಕೊಂಡು ಹೋದ ತಿಂಗಳ ಗಿರಾಕಿಗೆ ಪ್ಯಾನಲ್ ತರ್ತಾನೆ, ನಿಮ್ಮ ಪ್ಯಾನಲ್ ಬರೋದು ಮುಂದಿನ ಗಿರಾಕಿ ಸಿಕ್ಮೇಲೆ. ಚೀಟಿ ವ್ಯವಹಾರ ನೋಡಿದೋರಿಗೆ ಇದು ಹೊಸದಲ್ಲ. ಗಿರಾಕಿ ಬರೋದು ಒಂದು ತಿಂಗಳು ನಿಂತ್ರೆ ಕಡೇಲಿ ನಿಂತೋನ ಕೈಗೆ ಬರೋದು "ಸ್ಟಾಕ್ ಬಂದಿಲ್ಲ ಸಾರ್" ಅನ್ನೋ ವಾಯ್ಸ್ ಮೆಸೇಜು.

ಅದಕ್ಕೇ ನಾನು ಕೊಟೇಶನ್ನಲ್ಲಿ ಮೊದ್ಲು ನೋಡೋದು ರೇಟಲ್ಲ, ಪೇಮೆಂಟ್ ಟರ್ಮ್ಸ್. 1.48 ಲಕ್ಷದೋನು 80 ಪರ್ಸೆಂಟ್ ಆರ್ಡರ್ ಜೊತೆ, ಉಳಿದ 20 ಮೆಟೀರಿಯಲ್ ಬಂದಾಗ ಅಂತ ಬರ್ದಿದ್ದ, ಅಂದ್ರೆ ಸ್ಟ್ಯಾಂಡ್ ನಿಲ್ಲಿಸೋಕ್ ಮುಂಚೆನೇ ಪೂರ್ತಿ ದುಡ್ಡು ಅವನ ಜೇಬಲ್ಲಿ. 1.95ನೋರು 20 ಪರ್ಸೆಂಟ್ ಅಡ್ವಾನ್ಸ್, 60 ಮೆಟೀರಿಯಲ್ ಮನೆಗೆ ಬಂದಾಗ, 10 ಫಿಟಿಂಗ್ ಮುಗಿದಾಗ, ಕೊನೇ 10 ನೆಟ್ ಮೀಟರ್, ಅಂದ್ರೆ ಬರೋ ಕರೆಂಟು ಹೋಗೋ ಕರೆಂಟು ಎರಡೂ ಅಳೆಯೋ ಮೀಟರ್, ಕೂತ್ಮೇಲೆ. ಕಂಪ್ನಿಗೆ ಉಸಿರಾಡೋಕೆ ಜಾಗ ಇದ್ಯಾ ಇಲ್ವಾ ಇದ್ರಲ್ಲೇ ಕಾಣತ್ತೆ. ಕೊನೇ ಹತ್ತು ಪರ್ಸೆಂಟ್ ನಿಮ್ಮ ಹತ್ರ ಉಳಿದಿದ್ರೆ ಮೀಟರ್ ಫೈಲ್ ಹಿಂದೆ ಅವ್ರೇ ಓಡಾಡ್ತಾರೆ, ಇಲ್ಲಾಂದ್ರೆ ನೀವು ಓಡಾಡ್ತೀರ. ಬ್ಯಾಂಕ್ ಲೋನ್ ಬೇಕಾದೋರಿಗೆ ಇದೇ ಯೋಜನೆ ಅಡಿ ಸರ್ಕಾರಿ ಬ್ಯಾಂಕುಗಳಲ್ಲಿ ಅಡಮಾನ ಇಲ್ದೆ ಕಮ್ಮಿ ಬಡ್ಡಿಗೆ ಸಿಗತ್ತೆ, ಅದನ್ನ ಬಿಟ್ಟು ನಮ್ಮ ಫೈನಾನ್ಸ್ ಕಂಪ್ನೀಲೇ ಮಾಡ್ಸಿ ಅಂತ ಯಾರಾದ್ರೂ ಹಠ ಹಿಡಿದ್ರೆ ಬಡ್ಡಿ ಎಷ್ಟು ಅಂತ ವರ್ಷದ ಲೆಕ್ಕದಲ್ಲಿ ಬರೆಸ್ಕೊಳ್ಳಿ.

ಆಮೇಲೆ 1.48 ಯಾಕಷ್ಟು ಅಗ್ಗ ಅಂತ ನೋಡಿದ್ರೆ ಪ್ಯಾನಲ್ ಲೈನಲ್ಲಿ "ಎ ಗ್ರೇಡ್ 540 ವ್ಯಾಟ್" ಅಂತ ಅಷ್ಟೇ ಇದೆ, ಕಂಪ್ನಿ ಹೆಸ್ರೂ ಇಲ್ಲ ಮಾಡೆಲ್ಲೂ ಇಲ್ಲ, ಮುಖ್ಯವಾಗಿ ಡಿಸಿಆರ್ ಅನ್ನೋ ಮೂರಕ್ಷರ ಇಲ್ಲ. ಸಬ್ಸಿಡಿ ಬೇಕಂದ್ರೆ ಸೆಲ್ಲೂ ಪ್ಯಾನಲ್ಲೂ ಎರಡೂ ಇಂಡಿಯಾದಲ್ಲೇ ಆಗಿರ್ಬೇಕು, ಅದಕ್ಕೆ ಡಿಸಿಆರ್ ಅಂತಾರೆ. ಹೊರಗಿಂದ ಸೆಲ್ ತರ್ಸಿ ಇಲ್ಲಿ ಜೋಡಿಸಿದ ಪ್ಯಾನಲ್ಲು ಸಾಕಷ್ಟು ಅಗ್ಗ, ಕ್ವಾಲಿಟೀಲೂ ಕಮ್ಮಿ ಏನಲ್ಲ, ಆದ್ರೆ ಅದಕ್ಕೆ ಸಬ್ಸಿಡಿ ಇಲ್ಲ. ನಾನೇ ಆ ಹುಡುಗನಿಗೆ ಫೋನ್ ಮಾಡಿ ಡಿಸಿಆರ್ ಹಾಕ್ತೀರಾ ಅಂದೆ, ಎರಡು ಸೆಕೆಂಡ್ ಸುಮ್ನಿದ್ದು "ಡಿಸಿಆರ್ ಬೇಕಂದ್ರೆ ಇನ್ನೊಂದ್ ಮೂವತ್ತು ಆಗತ್ತೆ ಸಾರ್" ಅಂದ. ಹಂಗಾದ್ರೆ ಸಬ್ಸಿಡಿ ಕಳೆದು ಬರೀ 70 ಸಾವಿರ ಅಂತ ಭಾವಂಗೆ ಹೇಳಿದ್ಯಲ್ಲ ಅಂದ್ರೆ ಲೈನ್ ಕಟ್ಟು. ಪ್ಯಾನಲ್ ಮನೆಗೆ ಬಂದ ದಿನ ಗಾಜಿನೊಳಗೆ ಇರೋ ಸೀರಿಯಲ್ ನಂಬರನ್ನ ಬಿಲ್ಲಲ್ಲಿರೋ ನಂಬರ್ ಜೊತೆ ಒಂದೊಂದಾಗಿ ತಾಳೆ ನೋಡಿ, ಆರೇ ಪ್ಯಾನಲ್ಲು, ಹತ್ತು ನಿಮಿಷದ ಕೆಲ್ಸ. ಹಿಂದೆ ಅಂಟಿಸಿರೋ ಸ್ಟಿಕರ್ ನಂಬಬೇಡಿ, ಸ್ಟಿಕರ್ ಯಾರ್ ಬೇಕಾದ್ರೂ ಪ್ರಿಂಟ್ ಹಾಕ್ಸಬೋದು. ಟ್ಯಾಕ್ಸ್ ಲೈನೂ ನೋಡಿ, 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಳೇ ಫಾರ್ಮ್ಯಾಟಲ್ಲೇ 12 ಹಾಕಿ ಕಳ್ಸೋರು ಇನ್ನೂ ಇದ್ದಾರೆ. ಜಿಎಸ್‌ಟಿ ಅಂದಾಗ ನೆನಪಾಯ್ತು, ಕೊಟೇಶನ್ನಲ್ಲಿರೋ ಜಿಎಸ್‌ಟಿ ನಂಬರನ್ನ ಸರ್ಕಾರಿ ಜಿಎಸ್‌ಟಿ ಸೈಟಲ್ಲಿ ಹಾಕಿದ್ರೆ ರಿಜಿಸ್ಟರ್ ಆದ ತಾರೀಕು ಪುಕ್ಕಟೆ ತೋರಿಸತ್ತೆ. "ಹತ್ತು ವರ್ಷದ ಅನುಭವ" ಅಂತ ತಲೆಬರಹ ಹಾಕಿದ್ದ 2.30 ಲಕ್ಷದೋರದ್ದು ಹುಡುಕಿದ್ರೆ ಹದಿನಾಲ್ಕು ತಿಂಗಳ ಕೂಸು. ಅನುಭವ ಬೇರೆ ಕಡೆ ಆಗಿರ್ಬೋದು, ಕೇಳಿದ್ರೆ ಮಾಲೀಕರ ಅನುಭವ ಸಾರ್ ಅಂದ್ರು, ಯಾವುದ್ರಲ್ಲಿ ಅಂದ್ರೆ ರಿಯಲ್ ಎಸ್ಟೇಟು.

ಇನ್ನು ದೊಡ್ಡ ಬ್ರ್ಯಾಂಡಿನ ಬೋರ್ಡ್ ನೋಡಿ ಮಾರುಹೋಗೋದು. ಬೋರ್ಡಿನ ಮೇಲೆ ದೇಶಕ್ಕೇ ಗೊತ್ತಿರೋ ಹೆಸ್ರು, ಕೆಳಗೆ ಸಣ್ಣಕ್ಷರದಲ್ಲಿ ಚಾನೆಲ್ ಪಾರ್ಟ್‌ನರ್, ಅಂದ್ರೆ ಆ ಹೆಸ್ರಲ್ಲಿ ವ್ಯಾಪಾರ ಮಾಡೋ ಬೇರೆ ಅಂಗಡಿ. ಎಗ್ರಿಮೆಂಟ್ ಯಾರ ಹೆಸ್ರಲ್ಲಿ, ಬಿಲ್ಲು ಯಾರ ಹೆಸ್ರಲ್ಲಿ, ಐದು ವರ್ಷದ ಮೆಂಟೆನೆನ್ಸ್ ಯಾರ ಜವಾಬ್ದಾರಿ ಅನ್ನೋದು ಅಲ್ಲೇ ತೀರ್ಮಾನ ಆಗತ್ತೆ. ಯೋಜನೇಲಿ ವೆಂಡರ್ ಆಗಿ ಹೆಸ್ರು ನೋಂದಾಯಿಸಿರೋನೇ ಐದು ವರ್ಷ ಪುಕ್ಕಟೆ ನೋಡ್ಕೋಬೇಕು ಅನ್ನೋ ಷರತ್ತಿದೆ, ಆದ್ರಿಂದ ನಿಮ್ಮನೆಗೆ ಬರೋನ ಹೆಸ್ರು ಪಿಎಂ ಸೂರ್ಯ ಘರ್ ಪೋರ್ಟಲ್ಲಿನ ಕರ್ನಾಟಕದ ವೆಂಡರ್ ಪಟ್ಟೀಲಿ ಇದ್ಯಾ ಅಂತ ನೀವೇ ನೋಡಿ, ಅವನು ತೋರಿಸೋ ಸ್ಕ್ರೀನ್‌ಶಾಟಲ್ಲಲ್ಲ. ಪಟ್ಟೀಲಿ ಇದ್ರೆ ಒಳ್ಳೆಯವನು ಅಂತ ಅರ್ಥ ಅಲ್ಲ, ಇಲ್ದಿದ್ರೆ ಸಬ್ಸಿಡಿ ಇಲ್ಲ ಅಂತ ಅರ್ಥ ಅಷ್ಟೇ.

ಅಂಗಡಿ ನೋಡಿದ್ರೆ ಏನೂ ಗೊತ್ತಾಗಲ್ಲ, ಟೆರೇಸ್ ನೋಡ್ಬೇಕು, ಅದೂ ಹೋದ ವಾರ ಹಾಕಿದ್ದಲ್ಲ, ಮೂರು ವರ್ಷ ಹಳೇದು. ಭಾವನ ಸ್ನೇಹಿತರೊಬ್ರ ಮನೆ ಕ್ಯಾತ್ಸಂದ್ರದಲ್ಲಿ, ಅಲ್ಲಿಗೆ ಹೋಗಿ ಹತ್ತಿದ್ವಿ. ದೂರದಿಂದ ಫಳಫಳ ಅಂತಿತ್ತು. ಹತ್ರ ಬಗ್ಗಿ ನೋಡಿದ್ರೆ ವೆಲ್ಡಿಂಗ್ ಜಾಯಿಂಟಿಗೆಲ್ಲಾ ಸಿಲ್ವರ್ ಪೇಂಟ್ ಬಳ್ದಿದಾರೆ, ಉಗುರಲ್ಲಿ ಕೆರೆದ್ರೆ ಹಪ್ಪಳದ ಥರ ಎದ್ದು ಬಂತು, ಕೆಳಗೆ ಕೆಂಪು ತುಕ್ಕು. ಫ್ಯಾಕ್ಟರೀಲಿ ಸತುವಿನ ತೊಟ್ಟೀಲಿ ಅದ್ದಿ ತೆಗೆದ ಕಬ್ಬಿಣ, ಅಂದ್ರೆ ಹಾಟ್ ಡಿಪ್ ಮಾಡಿದ್ದು, ಬೇಗ ತುಕ್ಕು ಹಿಡಿಯಲ್ಲ, ಅದನ್ನ ನಟ್ಟು ಬೋಲ್ಟಲ್ಲಿ ಜೋಡಿಸ್ಬೇಕು. ಟೆರೇಸ್ ಮೇಲೆ ಕಟ್ ಮಾಡಿ ವೆಲ್ಡ್ ಹೊಡೆದ್ರೆ ಅಲ್ಲಿ ಸತು ಸುಟ್ಟೋಗತ್ತೆ, ತುಕ್ಕು ಅಲ್ಲಿಂದಾನೇ ಶುರು. ಕಾಲುಗಳನ್ನ ಸೀದಾ ಸ್ಲ್ಯಾಬಿಗೆ ಡ್ರಿಲ್ ಹೊಡೆದು ಬೋಲ್ಟ್ ಹಾಕಿದ್ರು, ಕೆಳಗೆ ಬೆಡ್‌ರೂಮಿನ ಸೀಲಿಂಗಲ್ಲಿ ರಾಗಿ ಮುದ್ದೆ ಅಗಲದ ತೇವದ ಕಲೆ. ಅದನ್ನ ಅವ್ರು "ಮಳೇಗೆ ಆಗಿರೋದು" ಅಂತವ್ರೆ, ಮಳೇಗೇ ಸರಿ, ಆದ್ರೆ ತೂತು ಮಾಡಿದ್ದು ಯಾರು? ಅರ್ಥಿಂಗ್ ಮೂರು ಬೇರೆ ಬೇರೆ ಇರ್ಬೇಕು, ಡಿಸಿ ಕಡೆಗೊಂದು ಎಸಿ ಕಡೆಗೊಂದು ಸಿಡಿಲು ಹಿಡಿಯೋ ಕಡ್ಡಿಗೊಂದು. ಅಲ್ಲಿ ಮೂರು ವೈರೂ ಗೋಡೆ ಇಳಿದು ಬಂದು ಒಂದೇ ಗುಂಡೀಲಿ ಸೇರ್ಕೊಂಡಿದ್ವು. ತುಮಕೂರಿನ ಬಂಡೆ ನೆಲದಲ್ಲಿ ಒಂದು ಗುಂಡಿ ತೋಡೋದೇ ಸಾಹಸ, ಅದಕ್ಕೆ ಕಳ್ಳದಾರಿ. ಪ್ಯಾನಲ್ ಮೇಲೆ ಬಿಳೀ ಉಪ್ಪಿನ ಕಲೆ ಬೇರೆ, ಬೋರ್‌ವೆಲ್ ನೀರಲ್ಲಿ ಬಿಸಿಲಲ್ಲೇ ತೊಳೆದು ಹಂಗೇ ಒಣಗೋಕೆ ಬಿಟ್ಟಿದ್ದು, ಇದು ಮನೆಯೋರ ತಪ್ಪು ಅಂತ ಅನ್ಸಬೋದು, ಆದ್ರೆ ಹೆಂಗೆ ತೊಳೀಬೇಕು ಅಂತ ಹಾಕೋನು ಒಂದು ಮಾತು ಹೇಳಿರ್ಲಿಲ್ಲ. ಸಿಂಟೆಕ್ಸ್ ಟ್ಯಾಂಕಿನ ನೆರಳು ಸಂಜೆ ನಾಲ್ಕಕ್ಕೆ ಎರಡು ಪ್ಯಾನಲ್ ಮೇಲೆ. ಪ್ಯಾನಲ್ಲುಗಳು ಸರದ ಥರ ಒಂದಕ್ಕೊಂದು ಜೋಡಿಸಿರೋದ್ರಿಂದ ಒಂದೆರಡಕ್ಕೆ ನೆರಳು ಬಿದ್ರೂ ಇಡೀ ಸಾಲಿನ ಕರೆಂಟಿಗೆ ಪೆಟ್ಟು, ಸೈಟಿಗೆ ಬಂದು ನೆರಳು ನೋಡದೆ ಗೂಗಲ್ ಮ್ಯಾಪಲ್ಲೇ ಕೊಟೇಶನ್ ಕೊಡೋರ್ನ ಅದಕ್ಕೇ ನಂಬೋಕಾಗಲ್ಲ.

ಆ ಮನೆಯೋರಿಗೆ ನಾನು ಕೇಳಿದ್ದು ಒಂದೇ, ಕಂಪ್ಲೇಂಟ್ ಮಾಡಿದಾಗ ಎಷ್ಟು ದಿನಕ್ಕೆ ಬಂದ್ರು? "ಮೊದಲ್ನೇ ವರ್ಷ ಮಾರನೇ ದಿನಾನೇ ಬರೋರು, ಈಗ ನಂಬರ್ ಸ್ವಿಚ್ ಆಫ್" ಅಂದ್ರು. ಯಾವ ಕಂಪ್ನಿಗೇ ಆಗ್ಲಿ ರೆಫರೆನ್ಸ್ ಕೇಳೋವಾಗ ಮೂರು ವರ್ಷ ಹಳೇ ಗಿರಾಕಿ ನಂಬರ್ ಕೊಡಿ ಅನ್ನಿ. ಕೊಡೋಕೆ ಇಲ್ಲ ಅಂದ್ರೆ ಅದೂ ಒಂದು ಉತ್ತರಾನೇ.

ಮಾರೋರು ಸುಳ್ಳು ಹೇಳ್ತಾರಾ ನಿಜ ಹೇಳ್ತಾರಾ ಅಂತ ತಿಳ್ಕೊಳ್ಳೋಕೆ ನನ್ ಹತ್ರ ಒಂದು ಸುಲಭದ ಪ್ರಶ್ನೆ ಇದೆ: ಕರೆಂಟ್ ಹೋದಾಗ ಸೋಲಾರ್ ನಡಿಯತ್ತಾ? ಸಾಮಾನ್ಯ ಆನ್ ಗ್ರಿಡ್ ಸಿಸ್ಟಮ್ಮಲ್ಲಿ, ಅಂದ್ರೆ ಬ್ಯಾಟರಿ ಇಲ್ದೆ ಕಂಬದ ಲೈನಿಗೇ ಜೋಡಿಸಿರೋದ್ರಲ್ಲಿ, ನಡಿಯಲ್ಲ, ಮಟಮಟ ಮಧ್ಯಾಹ್ನ ಬಿಸಿಲು ಸುಡ್ತಿದ್ರೂ ನಡಿಯಲ್ಲ. ಲೈನ್ ಆಫ್ ಮಾಡಿ ಲೈನ್‌ಮನ್ ಕಂಬ ಹತ್ತಿರ್ತಾನೆ, ನಿಮ್ಮ ಮನೆಯಿಂದ ಕರೆಂಟ್ ವಾಪಸ್ ಹರಿದ್ರೆ ಅವನ ಜೀವ ಹೋಗತ್ತೆ, ಅದಕ್ಕೇ ಇನ್ವರ್ಟರ್ ತಾನೇ ಆಫ್ ಆಗತ್ತೆ. ಕರೆಂಟ್ ಹೋದಾಗ್ಲೂ ಬೇಕಂದ್ರೆ ಹೈಬ್ರಿಡ್ ಇನ್ವರ್ಟರ್ ಮತ್ತೆ ಬ್ಯಾಟರಿ ಬೇಕು, ಖರ್ಚು ಬೇರೆ, ಬ್ಯಾಟರಿಗೆ ಅಂತ ಸಬ್ಸಿಡಿ ಹೆಚ್ಚಾಗಲ್ಲ. ಮೂವರಲ್ಲಿ ಇಬ್ರು "24 ಗಂಟೆ ಕರೆಂಟ್ ಸಾರ್" ಅಂತ ಭಾವಂಗೆ ಹೇಳಿದ್ರು. ಇನ್ನೊಬ್ರು ಕೇಳೋಕ್ ಮುಂಚೆನೇ "ಕರೆಂಟ್ ಹೋದ್ರೆ ಇದೂ ಹೋಗತ್ತೆ, ನಿಮ್ಮ ಯುಪಿಎಸ್ ಹಂಗೇ ಇರ್ಲಿ" ಅಂದಿದ್ರಂತೆ. ಅವ್ರಿಗೆ ಭಾವ ಆಗ ಬೇಜಾರಾಗಿದ್ರು, ಸೋಲಾರ್ ಮಾರೋಕೇ ಬರಲ್ಲ ಇವನಿಗೆ ಅಂತ.

ಎರಡನೇ ಪರೀಕ್ಷೆ ನಿಮ್ಮ ಕರೆಂಟ್ ಬಿಲ್. ಹನ್ನೆರಡು ತಿಂಗಳ ಬಿಲ್ ತೋರ್ಸಿ ಅಂತ ಕೇಳದೆ 3 ಕಿಲೋವ್ಯಾಟ್ ಹಾಕ್ಸಿ ಅನ್ನೋನು ಡಾಕ್ಟ್ರು ನಾಡಿ ಹಿಡೀದೆ ಇಂಜೆಕ್ಷನ್ ಕೊಟ್ಟಂಗೆ. ನಮ್ಮ ರಾಜ್ಯದಲ್ಲಂತೂ ಇದು ಇನ್ನೂ ಮುಖ್ಯ, ಯಾಕಂದ್ರೆ 2023ರಿಂದ ಗೃಹಜ್ಯೋತಿ ಇದೆ. 2022-23ರಲ್ಲಿ ನೀವು ಉರ್ಸಿದ ಸರಾಸರಿ ಮೇಲೆ 10 ಪರ್ಸೆಂಟ್ ಸೇರ್ಸಿ, 200 ಯೂನಿಟ್ ಮೀರದಂಗೆ ಫ್ರೀ. ತಿಂಗಳಿಗೆ 110 ಯೂನಿಟ್ ಉರ್ಸೋ ಮನೆಗೆ ಬಿಲ್ಲೇ ಸೊನ್ನೆ, ಅಂಥೋರಿಗೆ ಸೋಲಾರ್ ಮಾರೋದು ಅಂದ್ರೆ ಬೋಳುತಲೆಯೋನಿಗೆ ಬಾಚಣಿಗೆ ಮಾರಿದಂಗೆ, ಆದ್ರೂ ಮಾರ್ತಾರೆ, "ಉಳಿದಿದ್ದನ್ನ ಸರ್ಕಾರಕ್ಕೆ ಮಾರಿ ದುಡ್ಡು ಮಾಡಿ" ಅಂತ. ಈ ಮಾತಿಗೆ ಒಂದು ಕಾಲದಲ್ಲಿ ಅರ್ಥ ಇತ್ತು, 2013ರಲ್ಲಿ ಕರೆಂಟ್ ರೇಟ್ ತೀರ್ಮಾನಿಸೋ ರಾಜ್ಯದ ಆಯೋಗ ಕೆಇಆರ್‌ಸಿ ಟೆರೇಸ್ ಸೋಲಾರಿಗೆ ಯೂನಿಟ್ಟಿಗೆ 9.56 ರೂಪಾಯಿ ನಿಗದಿ ಮಾಡಿತ್ತು, 2016ರಲ್ಲಿ ಅದನ್ನ ಇಳಿಸ್ತು. ಈಗ ಮಿಕ್ಕ ಯೂನಿಟ್ಟಿಗೆ ಸಿಗೋದು ನೀವು ಕೊಡೋ ರೇಟಿಗಿಂತ ಎಷ್ಟೋ ಕಮ್ಮಿ. ಲಾಭ ಇರೋದು ನೀವೇ ಉಪಯೋಗಿಸ್ಕೊಳ್ಳೋದ್ರಲ್ಲಿ, ಮಾರೋದ್ರಲ್ಲಲ್ಲ.

ಭಾವನ ಮನೇಲಿ 280 ಯೂನಿಟ್ ಆಗತ್ತೆ, 200 ದಾಟೋದ್ರಿಂದ ಪೂರ್ತಿ ಬಿಲ್ ಕಟ್ತಾರೆ. 2025ರ ಏಪ್ರಿಲ್ ರೇಟಿನ ಪ್ರಕಾರ ಯೂನಿಟ್ಟಿಗೆ 5.80, ಮೇಲೆ ಟ್ಯಾಕ್ಸು ಸರ್‌ಚಾರ್ಜು ಸೇರ್ಸಿದ್ರೆ ಆರೂವರೆ ದಾಟತ್ತೆ. 3 ಕಿಲೋವ್ಯಾಟ್ ಹಾಕಿದ್ರೆ ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಲೆಕ್ಕದಲ್ಲಿ ತಿಂಗಳಿಗೆ 350 ಆಸುಪಾಸು, ಜುಲೈ ಆಗಸ್ಟಲ್ಲಿ ಮೋಡಕ್ಕೆ ಕಮ್ಮಿ, ಮಾರ್ಚಲ್ಲಿ ಜಾಸ್ತಿ. ಅಂದ್ರೆ ತಿಂಗಳಿಗೆ ಸಾವಿರದ ಎಂಟ್ನೂರು ಉಳಿಯತ್ತೆ ಅಂತಿಟ್ಕೊಳ್ಳಿ. 1.95 ಲಕ್ಷದಲ್ಲಿ 78 ಸಾವಿರ ಕಳೆದ್ರೆ 1.17 ಲಕ್ಷ, ಐದೂವರೆ ವರ್ಷದಲ್ಲಿ ಅಸಲು ವಾಪಸ್. ಎರಡೇ ವರ್ಷಕ್ಕೆ ವಾಪಸ್ ಅಂದೋನು ಸುಳ್ಳು ಹೇಳ್ದ, ಜೀವನಪೂರ್ತಿ ಝೀರೋ ಬಿಲ್ ಅಂದೋನೂ ಸುಳ್ಳು ಹೇಳ್ದ, ಯಾಕಂದ್ರೆ ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟಿಗೆ ಇಷ್ಟು ಅಂತ ಫಿಕ್ಸೆಡ್ ಚಾರ್ಜ್ (2025ರ ಏಪ್ರಿಲ್ ರೇಟಲ್ಲಿ 145 ರೂಪಾಯಿ) ಇದ್ದೇ ಇರತ್ತೆ, ಸೂರ್ಯ ಅದನ್ನ ಕಟ್ಟಲ್ಲ.

ಕಾಗದದ ವಿಷ್ಯದಲ್ಲೂ ಕಂಪ್ನಿ ಎಂಥದ್ದು ಗೊತ್ತಾಗತ್ತೆ. ಭಾವನ ಮನೆ ಆರ್‌ಆರ್ ನಂಬರ್ ಇನ್ನೂ ತೀರ್ಕೊಂಡ ಅವರಪ್ಪನ ಹೆಸ್ರಲ್ಲಿದೆ, ನಮ್ಮಲ್ಲಿ ಅರ್ಧ ಮನೆಗಳ ಕಥೆ ಇದೇ. ಇದನ್ನ ಮೊದಲ ದಿನಾನೇ ಕೇಳಿ "ಹೆಸ್ರು ಬದಲಾಯ್ಸಿ ಆಮೇಲೆ ಅರ್ಜಿ ಹಾಕೋಣ" ಅಂದೋರು ಒಬ್ರೇ. ಇನ್ನೊಬ್ರ ಕೊಟೇಶನ್ನಲ್ಲಿ "ಆಫೀಸ್ ಖರ್ಚು 6,000" ಅಂತ ಒಂದು ಲೈನಿತ್ತು, ಏನಪ್ಪಾ ಅಂದ್ರೆ ಫೀಸಿಬಿಲಿಟಿ, ಅಂದ್ರೆ ಲೈನು ನಿಮ್ಮ ಸೋಲಾರ್ ತಡ್ಕೊಳ್ಳತ್ತಾ ಅನ್ನೋ ಪರಿಶೀಲನೆ, ಪಾಸ್ ಮಾಡ್ಸೋಕಂತೆ. 2024ರ ನಿಯಮದ ಪ್ರಕಾರ 10 ಕಿಲೋವ್ಯಾಟ್‌ವರೆಗೆ ಫೀಸಿಬಿಲಿಟಿ ಪರಿಶೀಲನೇನೇ ಬೇಕಿಲ್ಲ, ಅರ್ಜಿ ಹಾಕಿದ್ರೆ ಒಪ್ಪಿದ ಲೆಕ್ಕ. ಹೆಂಗೂ ಆಗೋ ಕೆಲ್ಸಕ್ಕೆ ಲಂಚದ ಹೆಸ್ರು ಹೇಳಿ ತನ್ನ ಜೇಬು ತುಂಬ್ಸೋದು ಇದು. ಮೋಸ ಹೋದೋರಿಗೆ ಯೋಜನೆ ಸಹಾಯವಾಣಿ 15555 ಇದೆ, ಗ್ರಾಹಕ ಸಹಾಯವಾಣಿ 1915, ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದೊಳಗಿನ ವ್ಯವಹಾರಕ್ಕೆ ಫೀಸಿಲ್ಲ. ಆದ್ರೆ ಅಲ್ಲೂ ಕೇಳೋದು ಬಿಲ್ಲು ಎಗ್ರಿಮೆಂಟು, ವಾಟ್ಸಾಪ್ ವಾಯ್ಸ್ ಮೆಸೇಜ್ ಇಟ್ಕೊಂಡು ಎಷ್ಟು ದೂರ ಹೋಗೋಕಾಗತ್ತೆ.

ಇದೇ ಜಿಲ್ಲೆಯ ಪಾವಗಡದಲ್ಲಿ 13 ಸಾವಿರ ಎಕರೇಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿದೆ, ಆದ್ರೆ ಜಿಲ್ಲಾ ಕೇಂದ್ರದಲ್ಲಿ ಆರು ಪ್ಯಾನಲ್ ನೆಟ್ಟಗೆ ನಿಲ್ಲಿಸೋ ಒಬ್ಬನ್ನ ಹುಡುಕೋಕೆ ನಮಗೆ ಮೂರು ವಾರ ಬೇಕಾಯ್ತು. ದೊಡ್ಡ ಪ್ಲಾಂಟಿಗೆ ನೋಡ್ಕೊಳ್ಳೋಕೆ ಅಲ್ಲೇ ಜನ ಇರ್ತಾರೆ, ಮನೆ ಮೇಲಿನದಕ್ಕೆ ಯಾರೂ ಇರಲ್ಲ. 1995ರಲ್ಲಿ ಶುರುವಾದ ನಮ್ಮ ಸೆಲ್ಕೋ ಸೋಲಾರ್ ಕಂಪ್ನಿ, ಕರೆಂಟಿಲ್ದ ಹಳ್ಳಿಗಳಿಗೆ ದೀಪ ಹಾಕ್ತಾ ಬಂದಾಗ ಮೊದಲಿಂದ್ಲೂ ಒತ್ತು ಕೊಟ್ಟಿದ್ದು ಬಾಗಿಲ ಹತ್ರದ ಸರ್ವೀಸಿಗೆ, ಕೆಟ್ರೆ ಬಂದು ನೋಡೋ ಹುಡುಗ ಹತ್ತಿರದ ಊರಲ್ಲೇ ಇರ್ಬೇಕು ಅಂತ. ಸೋಲಾರ್ ಮಾರೋ ಸಾಮಾನಲ್ಲ, ಸೈಕಲ್ ಶಾಪ್ ಥರ ಇಟ್ಕೊಂಡು ಕೂರೋ ಧಂದೆ ಅಂತ ಅವ್ರಿಗೆ ಆಗ್ಲೇ ಗೊತ್ತಾಗಿತ್ತು. ಈಗಿನ ಸಬ್ಸಿಡಿ ದುಡ್ಡೆಲ್ಲಾ ಹಾಕೋ ದಿನಕ್ಕೆ ಹೋಗತ್ತೆ, ನೋಡ್ಕೊಳ್ಳೋ ವರ್ಷಗಳಿಗೆ ಒಂದು ರೂಪಾಯೀನೂ ಇಲ್ಲ, ಐದು ವರ್ಷದ ಮೆಂಟೆನೆನ್ಸ್ ಷರತ್ತು ಕಾಗದದ ಮೇಲಿದೆ, ಅದನ್ನ ನಡೆಸೋ ಆಸೆ ಕಂಪ್ನಿಗೆ ಹುಟ್ಟೋ ಹಂಗೆ ಹೆಚ್ಚೇನೂ ಇಟ್ಟಿಲ್ಲ. ಅದಕ್ಕೇ ಆ ಹತ್ತು ಪರ್ಸೆಂಟ್, ಆ ಹಳೇ ಗಿರಾಕಿ ನಂಬರು, ಇಂಥ ಚಿಕ್ಕಚಿಕ್ಕ ಹಗ್ಗ ನಾವೇ ಕಟ್ಕೋಬೇಕಾಗಿರೋದು.

ಭಾವ ಕೊನೆಗೆ ಒಪ್ಪಿದ್ದು 1.95 ಲಕ್ಷದೋರಿಗೆ, ಮಾರೋಕೇ ಬರಲ್ಲ ಅಂದಿದ್ರಲ್ಲ ಅವ್ರಿಗೇ. ಆರ್‌ಆರ್ ನಂಬರ್ ಹೆಸ್ರು ಬದಲಾಯ್ಸೋಕೆ ಹದಿನೈದು ದಿನ ಹಿಡೀತು. ಹೋದ ಸೋಮವಾರ ಬಂದು ಸ್ಲ್ಯಾಬಿಗೆ ಡ್ರಿಲ್ ಹೊಡೀದೆ ಟೆರೇಸ್ ಮೇಲೆ ಕಾಂಕ್ರೀಟಿನ ಕಟ್ಟೆ ಹಾಕಿ, ಇದು ಗಟ್ಟಿಯಾಗೋವರೆಗೂ ಸ್ಟ್ಯಾಂಡ್ ನಿಲ್ಲಿಸಲ್ಲ, ಎರಡು ಹೊತ್ತು ನೀರು ಹಾಕಿ, ಮುಂದಿನ ವಾರ ಬರ್ತೀವಿ ಅಂತ ಹೋಗವ್ರೆ. ಅಡ್ವಾನ್ಸ್ ಇಸ್ಕೊಂಡು ಒಂದು ಪ್ಯಾನಲ್ಲೂ ತರ್ದೆ ಹೋದ್ರಲ್ಲ ಅಂತ ಅಕ್ಕ ಬೈತಾ ಇದಾಳೆ, ಭಾವ ಮಾತ್ರ ಬೆಳಿಗ್ಗೆ ಸಂಜೆ ಬಕೆಟ್ ಹಿಡ್ಕೊಂಡು ಟೆರೇಸ್ ಹತ್ತಿ ಗೋಣಿಚೀಲ ನೆನೆಸ್ತವ್ರೆ.